ಹಳೆಯ ಶೆವರ್ಲೆ ಪಿಕಪ್‌ಗೆ 700ಆರ್4 ಗೇರ್‌ಬಾಕ್ಸ್: ಕೊಳ್ಳುವ ಮುನ್ನ, ಕೂರಿಸುವಾಗ, ಓಡಿಸುವಾಗ

1973ರಿಂದ 1987ರವರೆಗಿನ ಶೆವರ್ಲೆ ಸಿ10 ಪಿಕಪ್ ಅಮೆರಿಕದ ಹೆದ್ದಾರಿಯಲ್ಲಿ ಏದುಸಿರು ಬಿಡುವುದಕ್ಕೆ ಅದರ ವಿ8 ಎಂಜಿನ್ ಕಾರಣವಲ್ಲ. ಆ ಟ್ರಕ್ಕುಗಳಲ್ಲಿ ಬಹುಪಾಲಿಗೆ ಬಂದ ಟಿಎಚ್350 ಆಟೊಮ್ಯಾಟಿಕ್‌ನಲ್ಲಿ ಇರುವುದೇ ಮೂರು ಗೇರ್, ಮೂರನೆಯದು ನೇರ 1.00, ಅಂದರೆ ಎಂಜಿನ್ ತಿರುಗಿದಷ್ಟೇ ಹಿಂದಿನ ಶಾಫ್ಟೂ ತಿರುಗುತ್ತದೆ. ಮುಂದೆ ಹೋಗಲು ಗೇರೇ ಇಲ್ಲ. ಆ ಕೊರತೆಯನ್ನು ನೀಗಿಸಲು ಜನ ಹೆಚ್ಚಾಗಿ ಹುಡುಕುವುದು ಜನರಲ್ ಮೋಟಾರ್ಸ್ 1982ರಲ್ಲಿ ತಂದ 700ಆರ್4. ಈ ವಿಮರ್ಶೆ ಅದರದ್ದು. ಎರಡು ಚಕ್ರದ ಎಳೆತವಿರುವ, ಕಾರ್ಬೊರೇಟರ್ ಇರುವ ಅರ್ಧ ಟನ್ ಪಿಕಪ್‌ಗೆ ಹಾಕುವವರಿಗಾಗಿ.

ತೀರ್ಪು ಮೊದಲೇ ಹೇಳುತ್ತೇವೆ. ಈ ಕೆಲಸಕ್ಕೆ 700ಆರ್4 ಒಳ್ಳೆಯ ಗೇರ್‌ಬಾಕ್ಸ್. ‘ಬೇಗ ಸುಟ್ಟುಹೋಗುತ್ತದೆ’ ಎಂಬ ಕೆಟ್ಟ ಹೆಸರು ಅದಕ್ಕೆ ಅಂಟಿಕೊಂಡಿದೆ. ಆ ಹೆಸರಿನಲ್ಲಿ ಒಂದು ಪಾಲು ಮೊದಲ ವರ್ಷಗಳ ಬಿಡಿಭಾಗಗಳದ್ದು. ಉಳಿದ ದೊಡ್ಡ ಪಾಲು ಕಾರ್ಬೊರೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ಎಂಬ ಒಂದು ತಂತಿಯನ್ನು ಅಂದಾಜಿನಲ್ಲಿ ಕಟ್ಟಿದವರದ್ದು. ಗೇರ್‌ಬಾಕ್ಸಿಗೆ ಹಣ ಸುರಿದು ಕೇಬಲ್‌ಗೆ ಅರ್ಧ ಗಂಟೆ ಕೊಡದಿದ್ದರೆ ಆ ಹಣ ಹೋದಂತೆಯೇ.

ಲಾಭ ಎಷ್ಟೆಂಬುದನ್ನು ಲೆಕ್ಕದಲ್ಲೇ ನೋಡಬಹುದು. ಟಿಎಚ್350ರ ಅನುಪಾತ 2.52, 1.52, 1.00. 700ಆರ್4ರದ್ದು 3.06, 1.63, 1.00, 0.70. ಹಿಂದಿನ ಆಕ್ಸಲ್‌ನ ಅನುಪಾತ 3.73, ಟಯರು 235/75ಆರ್15, ಅಂದರೆ ಸುಮಾರು 28.9 ಇಂಚು ಎತ್ತರ ಎಂದಿಟ್ಟುಕೊಳ್ಳಿ. ಗಂಟೆಗೆ 65 ಮೈಲಿ, ನಮ್ಮ ಲೆಕ್ಕದಲ್ಲಿ 105 ಕಿ.ಮೀ. ವೇಗದಲ್ಲಿ ಹಳೆಯ ಗೇರ್‌ಬಾಕ್ಸ್‌ನೊಂದಿಗೆ ಎಂಜಿನ್ ನಿಮಿಷಕ್ಕೆ ಸುಮಾರು 2800 ಸುತ್ತು ತಿರುಗುತ್ತದೆ. ಹೊಸದರ ನಾಲ್ಕನೇ ಗೇರಿನಲ್ಲಿ 1970ರ ಆಸುಪಾಸು. ಕನ್ವರ್ಟರ್ (ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಜಾರುವುದರಿಂದ ಟಿಎಚ್350ರಲ್ಲಿ ನಿಜವಾದ ಅಂಕಿ ಇನ್ನೂ ಸ್ವಲ್ಪ ಮೇಲೆಯೇ ಇರುತ್ತದೆ. ಇತ್ತ ಮೊದಲ ಗೇರಿನ ಎಳೆತ ಶೇ 21ರಷ್ಟು ಹೆಚ್ಚುತ್ತದೆ. ಸಾಮಾನು ಹೇರಿಕೊಂಡು ಏರಿನಲ್ಲಿ ಹೊರಡುವಾಗ ಈ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ.

ಆದರೆ ಆಕ್ಸಲ್ ನೋಡದೆ ಗೇರ್‌ಬಾಕ್ಸ್ ಕೊಳ್ಳಬೇಡಿ. ಇಂಧನ ಉಳಿಸಲೆಂದು 3.08 ಆಕ್ಸಲ್‌ನೊಂದಿಗೆ ಬಂದ ಟ್ರಕ್ಕುಗಳೂ ಇವೆ. ಅದರ ಮೇಲೆ 0.70 ಕೂರಿಸಿದರೆ 65 ಮೈಲಿ ವೇಗದಲ್ಲಿ ಎಂಜಿನ್ 1630 ಸುತ್ತಿಗೆ ಇಳಿಯುತ್ತದೆ. 305 ಅಥವಾ ಸಾಧಾರಣ 350 ಘನ ಇಂಚಿನ ಎಂಜಿನ್ ಅಲ್ಲಿ ಗೊಣಗುತ್ತದೆ. ಸಣ್ಣ ಏರು ಬಂದರೂ ಗೇರ್ ಕೆಳಕ್ಕೆ ಬಿದ್ದು ಮತ್ತೆ ಮೇಲೇರುತ್ತದೆ, ಹೀಗೆ ಹುಡುಕಾಡುತ್ತಲೇ ಇರುತ್ತದೆ. ಆ ಹುಡುಕಾಟವೇ ಗೇರ್‌ಬಾಕ್ಸಿನ ಒಳಗಿನ ಕ್ಲಚ್ಚಿಗೆ ಶತ್ರು. 3.42ರಿಂದ 3.73 ಈ ಗೇರ್‌ಬಾಕ್ಸಿಗೆ ಸರಿಯಾದ ಜೋಡಿ. ಒಂದು ದೋಷವನ್ನೂ ಒಪ್ಪಿಕೊಳ್ಳಬೇಕು: 3.06ರಿಂದ 1.63ಕ್ಕೆ ಇಳಿಯುವ ಅಂತರ ದೊಡ್ಡದು. ಮೊದಲಿನಿಂದ ಎರಡಕ್ಕೆ ಹೋಗುವಾಗ ಎಂಜಿನ್ ವೇಗ ಅರ್ಧದ ಹತ್ತಿರಕ್ಕೆ ಬೀಳುತ್ತದೆ. ರೇಸಿಗೆ ಇದು ತೊಡಕು, ಪಿಕಪ್ ಕೆಲಸಕ್ಕೆ ಅಷ್ಟೇನೂ ಅಲ್ಲ.

ಹಳೆಯ ಸಾಮಾನಿನ ಯಾರ್ಡಿನಲ್ಲಿ ಕೊಳ್ಳುವುದಾದರೆ ಇಸವಿ ಮುಖ್ಯ. 1982ರಿಂದ 84ರವರೆಗಿನವುಗಳ ಇನ್‌ಪುಟ್ ಶಾಫ್ಟ್‌ಗೆ 27 ಸ್ಪ್ಲೈನ್ (ಶಾಫ್ಟಿನ ಮೈಮೇಲಿನ ಉದ್ದ ಹಲ್ಲು) ಮಾತ್ರ. 1985ರಿಂದ 30 ಬಂತು. ಕನ್ವರ್ಟರ್ ಕೂಡ ಅದಕ್ಕೆ ತಕ್ಕಂತೆ ಬೇರೆ, ಆದ್ದರಿಂದ ಒಂದು ವರ್ಷದ ಗೇರ್‌ಬಾಕ್ಸಿಗೆ ಇನ್ನೊಂದು ವರ್ಷದ ಕನ್ವರ್ಟರ್ ಕಟ್ಟಿಕೊಟ್ಟರೆ ಹಿಂದಕ್ಕೆ ಕೊಡಿ. 1987ರ ಹೊತ್ತಿಗೆ ಒಳಗಿನ ಎಷ್ಟೋ ಭಾಗ ಸುಧಾರಿಸಿ, ಹೆಚ್ಚುವರಿ ವಾಲ್ವ್ ಬಾಡಿ (ಆಯಿಲ್ ಹರಿವನ್ನು ನಿಯಂತ್ರಿಸುವ ಭಾಗ) ಸೇರಿತು. ಹುಡುಕುವವರು 1987ರಿಂದ 1992ರವರೆಗಿನದನ್ನೇ ಹುಡುಕಿ. 1990ರಿಂದ ಇದೇ ಗೇರ್‌ಬಾಕ್ಸನ್ನು 4ಎಲ್60 ಎಂದು ಕರೆದರು, ಕೆಲಸ ಅದೇ. 1993ರಿಂದ ಟ್ರಕ್ಕುಗಳಿಗೆ ಬಂದ 4ಎಲ್60ಇ ಮಾತ್ರ ಬೇರೆ ಜಾತಿ. ಅದು ಕಂಪ್ಯೂಟರ್ ಹೇಳಿದಂತೆ ನಡೆಯುತ್ತದೆ. ಗುರುತು ಸುಲಭ: 700ಆರ್4ರ ಹಿಂಭಾಗದಲ್ಲಿ, ಚಾಲಕನ ಪಕ್ಕ, ದುಂಡನೆಯ ಗವರ್ನರ್ ಮುಚ್ಚಳ ಇರುತ್ತದೆ. ಇದು ಅಮೆರಿಕದ ಟ್ರಕ್ಕು, ಹಾಗಾಗಿ ಚಾಲಕನ ಪಕ್ಕ ಎಂದರೆ ಎಡಗಡೆ.

ಇನ್ನೆರಡು ಕಡೆ ಜನ ಮೋಸ ಹೋಗುತ್ತಾರೆ. ಎಸ್10 ಪಿಕಪ್ ಮತ್ತು ಕಮಾರೊ ಕಾರಿನ 2.8 ಲೀಟರ್ ವಿ6 ಎಂಜಿನ್ನಿಗೂ 700ಆರ್4 ಬರುತ್ತಿತ್ತು. ಅದರ ಬೆಲ್‌ಹೌಸಿಂಗ್‌ನ (ಎಂಜಿನ್ನಿಗೆ ಕೂರುವ ಗಂಟೆಯಾಕಾರದ ಮುಂಭಾಗ) ಬೋಲ್ಟು ತೂತುಗಳೇ ಬೇರೆ, ಶೆವರ್ಲೆ ವಿ8ಗೆ ಕೂರುವುದಿಲ್ಲ. ಬೆಲ್‌ಹೌಸಿಂಗ್ ಕೇಸಿನೊಂದಿಗೆ ಒಂದೇ ಎರಕವಾದ್ದರಿಂದ ಬದಲಿಸುವಂತೆಯೂ ಇಲ್ಲ. ನಾಲ್ಕು ಚಕ್ರದ ಎಳೆತದ ಟ್ರಕ್ಕಿನಿಂದ ಬಿಚ್ಚಿದ್ದಾದರೆ ಹಿಂದಿನ ಶಾಫ್ಟ್ ಬೇರೆ, ಅದೂ ಬೇಡ. ತಳದ ಆಯಿಲ್ ಪ್ಯಾನ್ ಬಿಚ್ಚಿ ನೋಡಲು ಬಿಡದ ಮಾರಾಟಗಾರರಿಂದ ಕೊಳ್ಳುವುದಾದರೆ, ಅದನ್ನು ಪೂರ್ತಿ ಬಿಚ್ಚಿ ಕಟ್ಟುವ ಖರ್ಚನ್ನೂ ಸೇರಿಸಿಯೇ ಬೆಲೆ ಮಾತಾಡಿ. ಪ್ಯಾನ್ ತಳದಲ್ಲಿ ನುಣುಪಾದ ಬೂದು ಪುಡಿ ಸ್ವಲ್ಪ ಇದ್ದರೆ ಸಹಜ. ಕಪ್ಪು ಚೂರು, ಸುಟ್ಟ ವಾಸನೆ ಇದ್ದರೆ 3-4 ಕ್ಲಚ್ (ಮೂರನೇ, ನಾಲ್ಕನೇ ಗೇರನ್ನು ಹಿಡಿಯುವ ಕ್ಲಚ್) ಹೋಗಿದೆ.

ಬಿಚ್ಚಿ ಕಟ್ಟಿಸುವುದಾದರೆ ಮೆಕ್ಯಾನಿಕ್ಕಿಗೆ ಏನು ಕೇಳಬೇಕು? ಮೂರು ಸಾಕು. 3-4 ಕ್ಲಚ್‌ಗೆ ಹೆಚ್ಚು ಗಟ್ಟಿಯ ಫ್ರಿಕ್ಷನ್ ಪ್ಲೇಟುಗಳ ಸೆಟ್. ಮೂಲ ಸೆಟ್ಟಿನ ದುರ್ಬಲ ಜಾಗ ಇದೇ. ಗಟ್ಟಿಗೊಳಿಸಿದ ಸನ್ ಶೆಲ್ (ನಡುವಿನ ಸನ್ ಗೇರನ್ನು ಹಿಡಿದಿರುವ ಡಬ್ಬಿಯಂಥ ಭಾಗ). ಹಳೆಯದರ ಸ್ಪ್ಲೈನ್ ಸವೆದು ಕಿತ್ತುಬಂದರೆ ಎರಡನೇ ಗೇರು, ನಾಲ್ಕನೇ ಗೇರು, ರಿವರ್ಸ್ ಮೂರೂ ಒಟ್ಟಿಗೆ ಮಾಯವಾಗುತ್ತವೆ. ಗಟ್ಟಿ ಪಂಪ್ ರಿಂಗುಗಳು. ಇದರ ಜೊತೆ ಕಾರ್ವೆಟ್ ಕಾರಿನ ದೊಡ್ಡ ಸರ್ವೊ ಪಿಸ್ಟನ್ ಹಾಕಿಸಿದರೆ ಎರಡನೇ ಗೇರಿನ ಬ್ಯಾಂಡ್ ಬಿಗಿಯಾಗಿ ಹಿಡಿಯುತ್ತದೆ. ಸರ್ವೊ ಇರುವುದು ಬಲಗಡೆ ಹೊರಮೈಯಲ್ಲಿ. ಟ್ರಕ್ಕಿಗೆ ಏರಿಸಿದ ಮೇಲೆ ಸೈಲೆನ್ಸರ್ ಪೈಪು ಅಡ್ಡ ಬರುತ್ತದೆ. ಗೇರ್‌ಬಾಕ್ಸ್ ನೆಲದ ಮೇಲಿರುವಾಗಲೇ ಮುಗಿಸಿ.

ಇನ್ನು ಅಳತೆ. ಟಿಎಚ್350 ಮೂರು ಉದ್ದದ ಬಾಲದೊಂದಿಗೆ, ಅಂದರೆ ಹಿಂತುದಿಯ ಕವಚದೊಂದಿಗೆ ಬಂದಿದೆ: 6, 9, 12 ಇಂಚು. ಮೊದಲು ನಿಮ್ಮ ಟ್ರಕ್ಕಿನಲ್ಲಿ ಯಾವುದಿದೆ ಎಂದು ಟೇಪ್ ಹಿಡಿದು ನೋಡಿ, ಯಾಕೆಂದರೆ ಖರ್ಚು ನಿಂತಿರುವುದು ಅದರ ಮೇಲೆ. 6 ಇಂಚಿನದ್ದಾದರೆ ಒಟ್ಟು ಉದ್ದ ಸುಮಾರು 27 5/8 ಇಂಚು; 700ಆರ್4ರದ್ದು 30 3/4. ಪ್ರೊಪೆಲ್ಲರ್ ಶಾಫ್ಟನ್ನು 3 1/8 ಇಂಚು ಗಿಡ್ಡ ಮಾಡಿಸಿ, ಬ್ಯಾಲೆನ್ಸ್ ಮಾಡಿಸಬೇಕು. 9 ಇಂಚಿನ ಬಾಲ ಇದ್ದರೆ ಒಟ್ಟು ಉದ್ದ ಹೆಚ್ಚುಕಡಿಮೆ ಒಂದೇ, ಶಾಫ್ಟ್ ಮುಟ್ಟಬೇಕಾಗಿಲ್ಲ. ಎರಡರಲ್ಲೂ ಹಿಂದಿನ ಶಾಫ್ಟ್‌ಗೆ 27 ಸ್ಪ್ಲೈನ್. ಹಾಗಾಗಿ ಹಳೆಯ ಸ್ಲಿಪ್ ಯೋಕ್ (ಪ್ರೊಪೆಲ್ಲರ್ ಶಾಫ್ಟಿನ, ಗೇರ್‌ಬಾಕ್ಸಿನೊಳಗೆ ಜಾರುವ ತುದಿ) ಹಾಗೆಯೇ ಕೂರುತ್ತದೆ. ಟ್ರಕ್ಕು ಚಕ್ರದ ಮೇಲೆ ನಿಂತಿರುವಾಗ ಯೋಕ್ ಪೂರ್ತಿ ಒಳಗೆ ತಾಗಿದ ಜಾಗದಿಂದ 3/4ರಿಂದ 1 ಇಂಚು ಹೊರಗಿರಬೇಕು. ಯೋಕ್‌ನ ಮೈಯಲ್ಲಿ ಸೀಲ್ ಉಜ್ಜಿದ ಗೀರು ಬೆರಳಿಗೆ ಸಿಕ್ಕರೆ ಹೊಸ ಸೀಲ್ ಹಾಕಿಯೂ ಆಯಿಲ್ ಸೋರುತ್ತದೆ, ಯೋಕನ್ನೇ ಬದಲಿಸಿ.

ಗೇರ್‌ಬಾಕ್ಸನ್ನು ಹೊರುವ ರಬ್ಬರ್ ಮೌಂಟ್‌ನ ಜಾಗ ಎಂಜಿನ್ ಮುಖದಿಂದ ಟಿಎಚ್350ರಲ್ಲಿ 20 3/8 ಇಂಚು, 700ಆರ್4ರಲ್ಲಿ 22 1/2. ಅಂದರೆ ಕ್ರಾಸ್‌ಮೆಂಬರ್ (ಮೌಂಟನ್ನು ಹೊತ್ತ ಅಡ್ಡಪಟ್ಟಿ) 2 1/8 ಇಂಚು ಹಿಂದಕ್ಕೆ ಹೋಗಬೇಕು. ಅದು ಬೋಲ್ಟಿನಲ್ಲಿ ಕೂತಿರುವುದರಿಂದ ಚೇಸಿಸ್‌ನಲ್ಲಿ ಹೊಸ ತೂತು ಕೊರೆದು ಸರಿಸಿದರೆ ಮುಗಿಯಿತು, ವೆಲ್ಡಿಂಗ್ ಬೇಡ. ಸರಿಸಿದ ಮೇಲೆ ಬ್ರೇಕ್ ಪೈಪು, ಇಂಧನ ಪೈಪು ಉಜ್ಜುತ್ತಿಲ್ಲವೆಂದು ಕೈಯಾಡಿಸಿ ನೋಡಿ. ಗೇರ್‌ಬಾಕ್ಸಿನ ಬಾಲ ಸುಮಾರು 3 ಡಿಗ್ರಿ ಕೆಳಮುಖವಾಗಿ, ಹಿಂದಿನ ಆಕ್ಸಲ್‌ನ ಪಿನಿಯನ್ ಶಾಫ್ಟ್ ಅದಕ್ಕೆ ಸಮಾನಾಂತರವಾಗಿ ಇರಬೇಕು. ಈ ಕೋನ ತಪ್ಪಿದರೆ 50 ಮೈಲಿ ವೇಗದ ಮೇಲೆ ನೆಲವೆಲ್ಲ ಗುಂಯ್‌ಗುಡುತ್ತದೆ, ಜನ ಸುಮ್ಮನೆ ಟಯರಿನ ಮೇಲೆ ಅನುಮಾನ ಪಡುತ್ತಾರೆ.

ಏರಿಸುವ ಕೆಲಸದಲ್ಲಿ ಹೇಳಲೇಬೇಕಾದ ಒಂದು ಜಾಗ ಕನ್ವರ್ಟರ್. ಒಳಗೆ ಒಂದು ಲೀಟರ್‌ನಷ್ಟು ಆಯಿಲ್ ಸುರಿದು, ತಿರುಗಿಸುತ್ತ ತಳ್ಳಿದರೆ ಅದು ಮೂರು ಮೆಟ್ಟಿಲಾಗಿ ಒಳಗಿಳಿಯುತ್ತದೆ. ಕೊನೆಯದು ಪಂಪಿನ ಹಲ್ಲು ಹಿಡಿಯುವ ಸದ್ದು. ಬೆಲ್‌ಹೌಸಿಂಗ್ ಎಂಜಿನ್ನಿಗೆ ತಾನಾಗಿ ಬಂದು ಕೂರಬೇಕು. ಸಂದಿಯನ್ನು ಬೋಲ್ಟು ಬಿಗಿದು ಮುಚ್ಚಲು ಹೋದರೆ ಕನ್ವರ್ಟರ್ ಪೂರ್ತಿ ಇಳಿದಿಲ್ಲ ಎಂದೇ ಅರ್ಥ. ಹಾಗೇ ಬಿಗಿದರೆ ಪಂಪು ಅಲ್ಲೇ ಒಡೆಯುತ್ತದೆ. ಬೆಲ್‌ಹೌಸಿಂಗ್ ಬೋಲ್ಟುಗಳಿಗೆ 35 ಪೌಂಡ್-ಅಡಿ ಬಿಗಿತ ಸಾಕು. ಆಮೇಲೆ ಕನ್ವರ್ಟರನ್ನು ಮುಂದಕ್ಕೆ ಎಳೆದರೆ ಎಂಜಿನ್ ಹಿಂದಿನ ತಟ್ಟೆಯಾದ ಫ್ಲೆಕ್ಸ್‌ಪ್ಲೇಟ್ ಮುಟ್ಟಲು 1/8ರಿಂದ 3/16 ಇಂಚು, ಎಂದರೆ 3ರಿಂದ 5 ಮಿ.ಮೀ. ಅಂತರ ಇರಬೇಕು. ಹೆಚ್ಚಿದ್ದರೆ ವಾಷರ್ ಹಾಕಿ ಹೊಂದಿಸಿ. ಇಲ್ಲಿ ಬೋಲ್ಟುಗಳೂ ಬದಲಾಗುತ್ತವೆ: ಟಿಎಚ್350ರ ಕನ್ವರ್ಟರಿಗೆ 3/8 ಇಂಚಿನ ಬೋಲ್ಟು, 700ಆರ್4ರದ್ದಕ್ಕೆ 10 ಮಿ.ಮೀ. ಮೆಟ್ರಿಕ್. ಹಳೆಯದನ್ನು ಹೊಸದರಲ್ಲಿ ಬಲವಂತವಾಗಿ ತಿರುಗಿಸಿದರೆ ಮರೆ (ಥ್ರೆಡ್) ಹಾಳು.

ಈಗ ಟಿವಿ ಕೇಬಲ್. ಇದನ್ನು ನಿಧಾನವಾಗಿ ಓದಿ.

ಟಿಎಚ್350ರಲ್ಲಿ ಎಂಜಿನ್ ಮೇಲಿನ ಭಾರವನ್ನು ಗೇರ್‌ಬಾಕ್ಸಿಗೆ ತಿಳಿಸುವುದು ವ್ಯಾಕ್ಯೂಮ್ ಮಾಡ್ಯುಲೇಟರ್. ಅದರ ಪಕ್ಕದ ಡಿಟೆಂಟ್ ಕೇಬಲ್‌ಗೆ ಕೆಲಸ ಬರುವುದು ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಮಾತ್ರ. 700ಆರ್4ರಲ್ಲಿ ಮಾಡ್ಯುಲೇಟರೇ ಇಲ್ಲ. ಇಂಟೇಕ್‌ನ ಆ ವ್ಯಾಕ್ಯೂಮ್ ತೂತನ್ನು ಮುಚ್ಚಬೇಕು. ಅದರ ಜಾಗದಲ್ಲಿ ಟಿವಿ ಕೇಬಲ್ ಥ್ರಾಟಲ್‌ನ ಪ್ರತಿ ಕೂದಲೆಳೆ ಚಲನೆಯನ್ನೂ ಒಳಕ್ಕೆ ಒಯ್ಯುತ್ತದೆ. ಗೇರ್ ಬದಲಾಗುವ ಹೊತ್ತನ್ನಷ್ಟೇ ಅಲ್ಲ, ಕ್ಲಚ್ಚುಗಳನ್ನು ಒತ್ತಿ ಹಿಡಿಯುವ ಆಯಿಲ್ ಒತ್ತಡವನ್ನೂ ನಿರ್ಧರಿಸುವುದು ಅದೇ. ಅಪಾಯ ಇರುವುದು ಇಲ್ಲಿ. ಕೇಬಲ್ ಸಡಿಲವಿದ್ದರೆ ಗೇರುಗಳು ಬೇಗಬೇಗ, ಬೆಣ್ಣೆಯಂತೆ ಮೃದುವಾಗಿ ಬೀಳುತ್ತವೆ. ಓಡಿಸುವವರಿಗೆ ಖುಷಿ. ಒಳಗೆ ಮಾತ್ರ ಒತ್ತಡ ಸಾಲದೆ 3-4 ಕ್ಲಚ್ ಜಾರುತ್ತಿರುತ್ತದೆ, ಕೆಲವೇ ಮೈಲಿಗಳಲ್ಲಿ ಸುಡುತ್ತದೆ. ಕೇಬಲ್ ಹೆಚ್ಚು ಬಿಗಿಯಿದ್ದರೆ ಗೇರುಗಳು ತಡವಾಗಿ, ಗಡುಸಾಗಿ ಬೀಳುತ್ತವೆ; ಕಿರಿಕಿರಿ ಹೌದು, ಹಾನಿ ಕಡಿಮೆ. ಅನುಮಾನವಿದ್ದರೆ ಬಿಗಿಯ ಕಡೆಗೇ ಇರಲಿ.

ಹಳೆಯ ಡಿಟೆಂಟ್ ಕೇಬಲನ್ನೇ ಸಿಕ್ಕಿಸಿ ಓಡಿಸುವವರಿದ್ದಾರೆ. ನೋಡಲು ಒಂದೇ ತರಹ ಕಂಡರೂ ಅದು ಆಗದ ಕೆಲಸ. ಕಾರ್ಬೊರೇಟರ್ ಕೂಡ ಮುಖ್ಯ. ಟಿವಿ ಕೇಬಲ್‌ಗೆಂದೇ ಬಂದ ಕ್ವಾಡ್ರಾಜೆಟ್ ಕಾರ್ಬೊರೇಟರ್ ಆದರೆ ಲಿವರ್‌ನ ಅಳತೆ ಕಂಪನಿಯಲ್ಲೇ ಹೊಂದಿರುತ್ತದೆ. ಹಾಲಿ (Holley), ಎಡೆಲ್‌ಬ್ರಾಕ್‌ನಂಥ ಕಂಪನಿಗಳದ್ದು ಇದ್ದರೆ ಥ್ರಾಟಲ್ ಲಿವರ್‌ಗೆ ಸೇರಿಸುವ ತಿದ್ದುಪಡಿ ತುಂಡು, ಕೇಬಲ್ ಬ್ರಾಕೆಟ್ ಎರಡನ್ನೂ ಕೊಳ್ಳಲೇಬೇಕು. ಕೇಬಲ್‌ನ ಕೊಕ್ಕೆ ಥ್ರಾಟಲ್ ಶಾಫ್ಟ್‌ನಿಂದ ಎಷ್ಟು ದೂರದಲ್ಲಿ, ಯಾವ ಕೋನದಲ್ಲಿ ಇದೆ ಎಂಬುದರ ಮೇಲೆ ಒತ್ತಡ ಏರುವ ರೀತಿ ನಿಂತಿದೆ. ಆರಂಭ ಮತ್ತು ಕೊನೆ ಎರಡೂ ಸರಿಯಿದ್ದು ನಡುವೆ ತಪ್ಪಿದರೂ ಅರ್ಧ ಥ್ರಾಟಲ್‌ನಲ್ಲಿ ಕ್ಲಚ್ ಜಾರುತ್ತದೆ.

ಹೊಂದಿಸುವ ಕ್ರಮ ಹೀಗೆ. ಎಂಜಿನ್ ಆಫ್ ಇರಲಿ. ಕೇಬಲ್ ತುದಿಯ ಬಟನ್ ಒತ್ತಿ ಹಿಡಿದು, ಜಾರುವ ತುಂಡನ್ನು ಥ್ರಾಟಲ್ ಲಿವರ್‌ನಿಂದ ದೂರಕ್ಕೆ ಪೂರ್ತಿ ತಳ್ಳಿ, ಬಟನ್ ಬಿಡಿ. ಈಗ ಥ್ರಾಟಲ್ ಲಿವರನ್ನು ಕೈಯಿಂದ ಪೂರ್ತಿ ತೆರೆಯಿರಿ. ತುಂಡು ಟಕಟಕ ಎನ್ನುತ್ತ ತಾನೇ ತನ್ನ ಜಾಗಕ್ಕೆ ಬರುತ್ತದೆ. ಆಮೇಲೆ ಯಾರನ್ನಾದರೂ ಸೀಟಿನಲ್ಲಿ ಕೂರಿಸಿ ಪೆಡಲನ್ನು ನೆಲಕ್ಕೆ ಒತ್ತಿಸಿ. ಪೆಡಲ್ ತಳ ಮುಟ್ಟಿದರೂ ಥ್ರಾಟಲ್ ಪೂರ್ತಿ ತೆರೆಯದಿದ್ದರೆ ಮೊದಲು ಆಕ್ಸಿಲರೇಟರ್ ಕೇಬಲನ್ನು ಸರಿಮಾಡಿ, ಹೊಂದಾಣಿಕೆಯನ್ನು ಹೊಸದಾಗಿ ಮಾಡಿ. ಪೂರ್ತಿ ತೆರೆದಾಗ ಟಿವಿ ಕೇಬಲ್ ತನ್ನ ಕೊನೆ ತಲುಪಿರಬೇಕು, ಕೈಯಿಂದ ಎಳೆದರೆ ಮುಂದೆ ಬರಬಾರದು, ಐಡಲ್‌ನಲ್ಲಿ ಜೋತುಬೀಳಬಾರದು.

ಇಷ್ಟರಲ್ಲಿ ನಂಬಿ ರಸ್ತೆಗೆ ಇಳಿಯಬೇಡಿ. 0ಯಿಂದ 300 ಪಿಎಸ್‌ಐ ಅಳೆಯುವ ಗೇಜ್ ಒಂದನ್ನು ತನ್ನಿ. ಗೇರ್ ಲಿವರ್‌ನ ಮೇಲ್ಭಾಗದಲ್ಲಿ, ಗೇರ್‌ಬಾಕ್ಸ್ ಕೇಸಿನ ಎಡಗಡೆ, 1/8 ಇಂಚು ಪೈಪ್ ಮರೆಯ ಪ್ಲಗ್ ಇದೆ, ಅಲ್ಲಿ ಜೋಡಿಸಿ. ಆಯಿಲ್ ಬಿಸಿಯಾದ ಮೇಲೆ ಪಾರ್ಕ್‌ನಲ್ಲಿ, ಐಡಲ್‌ನಲ್ಲಿ ಒತ್ತಡ ಸುಮಾರು 55ರಿಂದ 65 ಪಿಎಸ್‌ಐ ತೋರಿಸುತ್ತದೆ, ಮಾದರಿಯ ಮೇಲೆ ಸ್ವಲ್ಪ ವ್ಯತ್ಯಾಸ. ಥ್ರಾಟಲ್ ಮುಟ್ಟದೆ ಕೇಬಲನ್ನು ಮಾತ್ರ ಬೆರಳಿನಿಂದ ಎಳೆದಾಗ ಮುಳ್ಳು ತಕ್ಷಣ ಏಳಬೇಕು. ಮೊದಲು ಸ್ವಲ್ಪ ದೂರ ಏನೂ ಆಗದೆ ಆಮೇಲೆ ಏರಿದರೆ ಆ ಖಾಲಿ ದೂರವೇ ಕ್ಲಚ್ ಸುಡುವ ದೂರ. ಕೇಬಲ್, ತಿದ್ದುಪಡಿ ತುಂಡು, ಬ್ರಾಕೆಟ್, ಗೇಜ್ ಒಟ್ಟಿಗೇ ಬರುವ ಕಿಟ್‌ಗಳು ಸಿಗುತ್ತವೆ. ಈ ಇಡೀ ಬದಲಾವಣೆಯಲ್ಲಿ ಕಣ್ಣುಮುಚ್ಚಿ ಹಣ ಕೊಡಬಹುದಾದ ವಸ್ತು ಅದೊಂದೇ.

ಲಾಕಪ್ ಎರಡನೆಯ ಹೊಣೆ. 700ಆರ್4ರ ಕನ್ವರ್ಟರ್ ಒಳಗೆ ಒಂದು ಕ್ಲಚ್ ಇದೆ. ವೇಗ ಹಿಡಿದ ಮೇಲೆ ಅದು ಕನ್ವರ್ಟರನ್ನು ಬಿಗಿಹಿಡಿದು ಜಾರುವುದನ್ನು ನಿಲ್ಲಿಸುತ್ತದೆ. ವೈರಿಂಗ್ ಬೇಡವೆಂದು ಬಿಟ್ಟರೆ ಟ್ರಕ್ಕು ಓಡುತ್ತದೆ ನಿಜ, ಆದರೆ ಓವರ್‌ಡ್ರೈವ್‌ನಲ್ಲಿ (0.70ರ ನಾಲ್ಕನೇ ಗೇರಿನಲ್ಲಿ) ಕನ್ವರ್ಟರ್ ಜಾರುತ್ತಲೇ ಇದ್ದು ಆಯಿಲ್ ಕುದಿಯುತ್ತದೆ. ಕೇಸಿನ ಎಡಗಡೆ ನಾಲ್ಕು ಪಿನ್ನಿನ ಪ್ಲಗ್ ಇದೆ. ಇಗ್ನಿಷನ್ ಆನ್ ಆದಾಗ ಬರುವ 12 ವೋಲ್ಟನ್ನು 10 ಆಂಪ್ ಫ್ಯೂಸ್, ಬ್ರೇಕ್ ಸ್ವಿಚ್, ವ್ಯಾಕ್ಯೂಮ್ ಸ್ವಿಚ್ ಹಾಯಿಸಿ ‘ಎ’ ಪಿನ್ನಿಗೆ ಕೊಡಿ. ಒಳಗೆ ನಾಲ್ಕನೇ ಗೇರಿನ ಪ್ರೆಷರ್ ಸ್ವಿಚ್ ಕೂರಿಸಿದ್ದರೆ ನಾಲ್ಕನೇ ಗೇರ್ ಬಿದ್ದ ಮೇಲಷ್ಟೇ ಲಾಕ್ ಆಗುತ್ತದೆ. ಮೂಲ ಒಳವೈರಿಂಗ್ ಮಾದರಿಯಿಂದ ಮಾದರಿಗೆ ಬೇರೆಯಾದ್ದರಿಂದ ಪ್ಯಾನ್ ಬಿಚ್ಚಿದಾಗಲೇ ಕಿಟ್‌ನ ಒಳವೈರಿಂಗ್ ಹಾಕಿಬಿಡುವುದು ಮೇಲು. ಬ್ರೇಕ್ ಸ್ವಿಚ್ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. ಹಿಂದಿನ ದೀಪ ಉರಿಸುವ ಸ್ವಿಚ್ ಪೆಡಲ್ ಒತ್ತಿದಾಗ ಕರೆಂಟ್ ಕೊಡುತ್ತದೆ. ನಮಗೆ ಬೇಕಾದ್ದು ಒತ್ತಿದಾಗ ಕಡಿಯುವಂಥದ್ದು. ಕ್ರೂಸ್ ಕಂಟ್ರೋಲ್ ಇದ್ದ ಟ್ರಕ್ಕಿನ ಸ್ವಿಚ್ ಹೊಂದುತ್ತದೆ. ಇದು ತಪ್ಪಿದರೆ ಬ್ರೇಕ್ ಹಾಕಿ ನಿಲ್ಲುವಾಗ ಎಂಜಿನ್ ಬಂದ್. ವ್ಯಾಕ್ಯೂಮ್ ಸ್ವಿಚ್ ಏರಿನಲ್ಲಿ ಪೆಡಲ್ ಒತ್ತಿದಾಗ ಲಾಕ್ ಬಿಡಿಸುತ್ತದೆ, ಸಣ್ಣ ಸ್ಕ್ರೂನಿಂದ ಹೊಂದಿಸಿಕೊಳ್ಳಬಹುದು.

ಸ್ಟೀರಿಂಗ್ ಕಾಲಮ್ಮಿನ ಗೇರ್ ಹಿಡಿಗೆ ಈಗ ಒಂದು ಮನೆ ಹೆಚ್ಚು. ಹಳೆಯ ಕಾಲಮ್ಮಿನ ಒಳಗಿನ ತಗಡಿನಲ್ಲಿ ಅದಕ್ಕೆ ಜಾಗವಿಲ್ಲ, ಕೊನೆಯ ‘1’ ಸಿಗುವುದಿಲ್ಲ. ಕಂಪನಿಯೇ ಇದೇ ತಲೆಮಾರಿನ ಪಿಕಪ್‌ಗಳ ಕೊನೆಯ ವರ್ಷಗಳಲ್ಲಿ 700ಆರ್4 ಕೊಟ್ಟಿತ್ತಾದ್ದರಿಂದ ಆ ಟ್ರಕ್ಕುಗಳ ಡಿಟೆಂಟ್ ತಗಡು, ಮೀಟರಿನ ಸೂಚಕ, ಲಿಂಕೇಜ್ ಹುಡುಕಿ ಹಾಕಬಹುದು. ಸ್ಟಾರ್ಟರ್ ಪಾರ್ಕ್ ಮತ್ತು ನ್ಯೂಟ್ರಲ್‌ನಲ್ಲಿ ಮಾತ್ರ ತಿರುಗುತ್ತದೆಯೇ ಎಂದು ಪರೀಕ್ಷಿಸದೆ ಕೆಲಸ ಮುಗಿಯಿತೆನ್ನಬೇಡಿ.

ಸ್ಪೀಡೋಮೀಟರ್ ಸುಲಭ. ಗೇರ್‌ಬಾಕ್ಸಿನೊಳಗೆ ಮೀಟರನ್ನು ತಿರುಗಿಸುವ ಡ್ರೈವ್ ಗೇರಿನ ಹಲ್ಲು, ಆಕ್ಸಲ್ ಅನುಪಾತ, ಟಯರು ಮೈಲಿಗೆ ಸುತ್ತುವ ಸಂಖ್ಯೆ, ಈ ಮೂರನ್ನು ಗುಣಿಸಿ 1001ರಿಂದ ಭಾಗಿಸಿದರೆ ಬೇಕಾದ ಡ್ರಿವನ್ (ಅದರಿಂದ ತಿರುಗುವ) ಗೇರಿನ ಹಲ್ಲು ಸಿಗುತ್ತದೆ. 17 ಹಲ್ಲು, 3.08 ಆಕ್ಸಲ್, 720 ಸುತ್ತು ಆದರೆ 37.7, 38 ಹಲ್ಲಿನದನ್ನು ಹಾಕಿ. 80ರ ದಶಕದ ಕೊನೆಯ ಕೆಲವು ಗೇರ್‌ಬಾಕ್ಸುಗಳಲ್ಲಿ ಕೇಬಲ್‌ಗೆ ಬದಲು ಎಲೆಕ್ಟ್ರಾನಿಕ್ ಸೆನ್ಸರ್ ಇರುತ್ತದೆ, ಕೊಳ್ಳುವಾಗಲೇ ಬಾಲದ ತುದಿ ನೋಡಿ.

ರೇಡಿಯೇಟರಿನ ಕೂಲರ್ ಜೊತೆ ಹೊರಗೊಂದು ಕೂಲರ್ ಸೇರಿಸಿ; ಭಾರ ಎಳೆಯುವ ಟ್ರಕ್ಕಿಗೆ ಇದು ಐಚ್ಛಿಕವಲ್ಲ. ಆಯಿಲ್ 80ರಿಂದ 93 ಡಿಗ್ರಿ ಸೆಲ್ಸಿಯಸ್ ಒಳಗಿರುವುದು ಒಳ್ಳೆಯದು. ಹಳೆಯ ಗೇರ್‌ಬಾಕ್ಸ್ ಸುಟ್ಟು ಹೋಗಿದ್ದರೆ ಅದರ ಪುಡಿಯೆಲ್ಲ ಹಳೆಯ ಕೂಲರ್‌ನಲ್ಲೇ ಕೂತಿರುತ್ತದೆ, ತೊಳೆಯದೆ ಜೋಡಿಸಬೇಡಿ. ಎಂಜಿನ್ ಐಡಲ್‌ನಲ್ಲಿದ್ದಾಗ ವಾಪಸು ಪೈಪಿನಿಂದ 20 ಸೆಕೆಂಡಿಗೆ ಸುಮಾರು ಒಂದು ಲೀಟರ್ ಬಂದರೆ ಹರಿವು ಸರಿಯಿದೆ. ಕೇಸಿನ ಕೂಲರ್ ತೂತುಗಳ ಮರೆ ನೇರವಾದದ್ದು. ಅಂಗಡಿಯಲ್ಲಿ ಸಿಗುವ ಮೊನಚು ಮರೆಯ ಪೈಪ್ ಫಿಟಿಂಗ್ ಬಿಗಿದರೆ ಅಲ್ಯೂಮಿನಿಯಂ ಕೇಸ್ ಬಿರಿಯುತ್ತದೆ.

700ಆರ್4ಕ್ಕೆ ಬದಲಾಗಿ ಹಾಕಬಹುದಾದ ಬೇರೆ ಗೇರ್‌ಬಾಕ್ಸುಗಳ ಬಗ್ಗೆ ಚುಟುಕಾಗಿ. 200-4ಆರ್‌ನ ಉದ್ದ ಗಿಡ್ಡ ಬಾಲದ ಟಿಎಚ್350ರಷ್ಟೇ, ಶಾಫ್ಟ್ ಕತ್ತರಿಸುವ ಕೆಲಸವಿಲ್ಲ, 2.74, 1.57, 1.00, 0.67 ಅನುಪಾತ ಇನ್ನೂ ಸಮವಾಗಿದೆ. ಆದರೆ ಮೌಂಟ್ 27 ಇಂಚಿಗೆ ಹೋಗುತ್ತದೆ, ಟಿವಿ ಕೇಬಲ್ ಅದಕ್ಕೂ ಇದೆ, ಒಳ್ಳೆಯ ಸ್ಥಿತಿಯದ್ದು ಸಿಗುವುದು ಕಷ್ಟ. ಕೇಬಲ್‌ನ ತಲೆನೋವೇ ಬೇಡವೆನ್ನುವವರಿಗೆ 4ಎಲ್60ಇ ಇದೆ. ಕಾರ್ಬೊರೇಟರ್ ಎಂಜಿನ್ನಿಗೆ ಅದರ ಜೊತೆ ಪ್ರತ್ಯೇಕ ಕಂಟ್ರೋಲರ್, ಥ್ರಾಟಲ್ ಪೊಸಿಷನ್ ಸೆನ್ಸರ್ ಕೊಳ್ಳಬೇಕು. ದೊಡ್ಡ ಟ್ರೇಲರ್ ಎಳೆಯುವವರು ಇವೆರಡನ್ನೂ ಬಿಟ್ಟು 4ಎಲ್80ಇ ನೋಡಲಿ.

700ಆರ್4ನ್ನೇ ಹಾಕಿದವರು, ಒಣಗಿದ ಗೇರ್‌ಬಾಕ್ಸ್ ಮತ್ತು ಕನ್ವರ್ಟರಿಗೆ ಒಟ್ಟು 11 ಕ್ವಾರ್ಟ್‌ನಷ್ಟು, ಎಂದರೆ ಹತ್ತೂವರೆ ಲೀಟರ್ ಡೆಕ್ಸ್‌ರಾನ್ ಆಯಿಲ್ ಇಟ್ಟುಕೊಳ್ಳಿ. ಮೊದಲು ಐದು ಲೀಟರ್ ಸುರಿದು ಎಂಜಿನ್ ಶುರು ಮಾಡಿ, ಓಡುತ್ತಿರುವಾಗಲೇ ಸುರಿಯುತ್ತ ಹೋಗಿ. ಪ್ರತಿ ಗೇರಿಗೂ ಒಮ್ಮೆ ತಂದು, ಪಾರ್ಕ್‌ನಲ್ಲಿ, ಬಿಸಿಯಾದ ಮೇಲೆ ಡಿಪ್‌ಸ್ಟಿಕ್ ನೋಡಿ. ಡಿಪ್‌ಸ್ಟಿಕ್ ಮತ್ತು ಅದರ ಕೊಳವೆ 700ಆರ್4ರದ್ದೇ ಆಗಿರಲಿ. ಮೊದಲ ಓಟದಲ್ಲಿ ಗೇಜ್ ಜೋಡಿಸಿಯೇ ಇರಲಿ, ಪೆಡಲನ್ನು ಪೂರ್ತಿ ಒತ್ತುವ ಗೋಜಿಗೆ ಹೋಗಬೇಡಿ. ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ ಒಮ್ಮೆ ಹಾರಿ ಇಳಿದರೆ ಅಲ್ಲೇ ನಿಲ್ಲಿಸಿ ಕೇಬಲ್ ನೋಡಿ. ‘ಮನೆಗೆ ಹೋಗಿ ನೋಡೋಣ’ ಎಂದರೆ ಅಷ್ಟರಲ್ಲಿ ಕ್ಲಚ್ ಇರುವುದಿಲ್ಲ. ಮೊದಲ 500 ಮೈಲಿ ಕಳೆದ ಮೇಲೆ ಪ್ಯಾನ್ ಇಳಿಸಿ, ಫಿಲ್ಟರ್ ಬದಲಿಸಿ, ಸುಮಾರು 5 ಕ್ವಾರ್ಟ್ ಹೊಸ ಆಯಿಲ್ ತುಂಬಿ.